ಮೊಮ್ಮಕ್ಕಳಿಗಾಗಿ ಬರೆದಿಟ್ಟ ಮಾತು

ಕಳೆದ ತಿಂಗಳು ನಮ್ಮ ತೀರ್ಥರೂಪರ ಶ್ರಾದ್ಧವು ಮನೆಯಲ್ಲಿ ಯಥಾಪ್ರಕಾರವಾಗಿ ನಡೆಯಿತು. ಪುರೋಹಿತರು ಹೇಳಿಕೊಟ್ಟಂತೆ ನಾವು ಮೂರು ತಲೆಯವರ ಹೆಸರುಗಳನ್ನು ಹೇಳಿ ಎಳ್ಳುನೀರು ಬಿಟ್ಟೆವು. ತಂದೆಯು ವಸುರೂಪರು, ತಾತನು ರುದ್ರರೂಪರು, ಮುತ್ತಾತನು ಆದಿತ್ಯರೂಪರು. ಎಲ್ಲರ ಊಟವೂ ಮುಗಿದ ಮೇಲೆ ನಮ್ಮ ಒಂಬತ್ತು ವರ್ಷದ ಮೊಮ್ಮಗನು ಎಳ್ಳುಂಡೆಯೊಂದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಬಳಿಗೆ ಬಂದು ಕುಳಿತನು.

"ತಾತಾ, ಬೆಳಿಗ್ಗೆ ಮೂರು ಹೆಸರು ಹೇಳಿದಿರಲ್ಲ, ಅದರಲ್ಲಿ ನಡುವಿನವರು ನಿಮ್ಮ ತಾತ ಅಲ್ಲವೆ? ಅವರು ಹೇಗಿದ್ದರು?" ಎಂದು ಕೇಳಿದನು.

ನಾವು ಅವರ ಹೆಸರನ್ನೂ ಗೋತ್ರವನ್ನೂ ಮತ್ತೊಮ್ಮೆ ಹೇಳಿದೆವು.

"ಅದಲ್ಲ ತಾತಾ. ಅವರು ನಗುತ್ತಿದ್ದರೆ? ಅವರಿಗೆ ಏನು ತಿಂದರೆ ಇಷ್ಟ? ನಿಮ್ಮ ಅಪ್ಪನನ್ನು ಹೊಡೆಯುತ್ತಿದ್ದರೆ?"

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪರರ ಮಕ್ಕಳಿಗೆ ಪಾಠ ಹೇಳಿದ ನಮಗೆ ಈ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವು ತಿಳಿಯದೆ ಹೋಯಿತು. ನಮ್ಮ ತಾತಂದಿರು ನಾವು ಹುಟ್ಟುವುದಕ್ಕೆ ಮುಂಚೆಯೇ ಕಾಲವಾದವರು. ತೀರ್ಥರೂಪರು ಮಿತಭಾಷಿಗಳು, ತಮ್ಮ ತಂದೆಯ ವಿಚಾರವನ್ನು ತಾವಾಗಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ತಾತಂದಿರು ರುದ್ರರೂಪರೆಂಬುದನ್ನು ಬಲ್ಲೆವು. ಮನುಷ್ಯರೂಪದಲ್ಲಿ ಹೇಗಿದ್ದರೆಂಬುದನ್ನು ಅರಿಯೆವು. ಹುಡುಗನು ಸ್ವಲ್ಪ ಹೊತ್ತು ಕಾದು, ಆಟಕ್ಕೆ ಹೊರಟುಹೋದನು.

ಆ ದಿನ ಸಂಜೆ ನಮಗೆ ನೆನಪಾದವನು ಇಂಗ್ಲೆಂಡ್ ದೇಶದ ಚಾರ್ಲ್ಸ್ ಡಾರ್ವಿನ್. ವಾಚಕರು ಆಶ್ಚರ್ಯಪಡಬಹುದು. ಜೀವಜಾತಿಗಳು ಒಂದರಿಂದೊಂದು ಹೇಗೆ ಹುಟ್ಟಿಬಂದವೆಂಬುದನ್ನು 1859ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿ ಲೋಕದ ಎಣಿಕೆಯನ್ನೇ ಬದಲಾಯಿಸಿದ ಆ ಪಂಡಿತನಿಗೂ ನಮ್ಮ ಮನೆಯ ಶ್ರಾದ್ಧಕ್ಕೂ ಏನು ಸಂಬಂಧ? ಆತನ ಶಾಸ್ತ್ರವನ್ನು ಕುರಿತು ಹೇಳಲು ನಾವು ಅಧಿಕಾರಿಗಳಲ್ಲ. ನಾವು ಇಲ್ಲಿ ನೆನೆಯಬೇಕೆಂದಿರುವುದು ಡಾರ್ವಿನ್ನನೆಂಬ ತಂದೆಯನ್ನು, ತಾತನನ್ನು. ಈ ಎರಡು ಪದವಿಗಳಲ್ಲಿ ಆತನು ನಡೆದುಕೊಂಡ ಬಗೆಯಿಂದ ನಮ್ಮಂತಹ ಗೃಹಸ್ಥರು ಕಲಿಯತಕ್ಕದ್ದು ಉಂಟು.

ಡಾರ್ವಿನ್ನನು 1809ನೆಯ ಇಸವಿ ಫೆಬ್ರವರಿ 12ರಂದು ಶ್ರೂಸ್‌ಬರಿ ಎಂಬ ಊರಿನಲ್ಲಿ ಹುಟ್ಟಿದನು. ಎಂಟು ವರ್ಷದವನಾಗಿದ್ದಾಗಲೇ ತಾಯಿಯು ತೀರಿಕೊಂಡಳು. ತಂದೆಯು ಹೆಸರಾಂತ ವೈದ್ಯನು. ಮಗನು ಓದನ್ನು ಬಿಟ್ಟು ಬೇಟೆ, ನಾಯಿ, ಇಲಿ ಹಿಡಿಯುವುದು ಇವುಗಳಲ್ಲಿಯೇ ಕಾಲ ಕಳೆಯುವುದನ್ನು ಕಂಡು, ನಿನ್ನಿಂದ ಮನೆತನಕ್ಕೇ ಅವಮಾನವೆಂದು ಒಮ್ಮೆ ಗದರಿಸಿದ್ದನು. ಆ ಮಾತು ಮಗನ ಮನಸ್ಸಿನಲ್ಲಿ ಮುಪ್ಪಿನವರೆಗೂ ಉಳಿಯಿತು. ಆದರೂ ಅದನ್ನು ಬರೆದಿಡುವಾಗ ಆತನು ಕಹಿಯನ್ನು ಬೆರೆಸಲಿಲ್ಲ. ತನ್ನ ತಂದೆಯಷ್ಟು ಕರುಣಾಳು ಮತ್ತೊಬ್ಬನನ್ನು ಕಾಣೆನೆಂದೂ, ಆ ದಿನ ಕೋಪದ ಭರದಲ್ಲಿ ಅಷ್ಟು ನಿಷ್ಠುರವಾಗಿ ನುಡಿದಿರಬೇಕೆಂದೂ ಸೇರಿಸಿದನು. ತಂದೆಯ ತಪ್ಪನ್ನು ಮುಚ್ಚಿಡದೆ, ತಂದೆಯ ಗುಣವನ್ನೂ ಮರೆಯದೆ ಹೇಳುವುದು ಎಲ್ಲ ಮಕ್ಕಳಿಗೂ ಸಾಧ್ಯವಾಗುವುದಿಲ್ಲ.

ಬೀಗಲ್ ಎಂಬ ಹಡಗಿನಲ್ಲಿ ಲೋಕವನ್ನು ಸುತ್ತಲು ಕರೆ ಬಂದಾಗ ತಂದೆಯು ಒಪ್ಪಲಿಲ್ಲ. ಆಗ ನಡುವೆ ಬಂದು ಒಪ್ಪಿಸಿದವನು ಸೋದರಮಾವನಾದ ವೆಜ್‌ವುಡ್. 1831ರ ಡಿಸೆಂಬರಿನಲ್ಲಿ ಹೊರಟ ಪ್ರಯಾಣವು 1836ರ ಅಕ್ಟೋಬರಿನಲ್ಲಿ ಮುಗಿಯಿತು. ಎರಡು ವರ್ಷಕ್ಕೂ ಸ್ವಲ್ಪ ಮೇಲ್ಪಟ್ಟ ತರುವಾಯ, 1839ರ ಜನವರಿಯಲ್ಲಿ, ಡಾರ್ವಿನ್ನನು ಅದೇ ಸೋದರಮಾವನ ಮಗಳಾದ ಎಮ್ಮಳನ್ನು ಮದುವೆಯಾದನು. ಸೋದರಿಕೆಯ ಸಂಬಂಧವು ನಮ್ಮ ಸೀಮೆಯವರಿಗೆ ಹೊಸದಲ್ಲವಷ್ಟೆ. 1842ರಲ್ಲಿ ದಂಪತಿಗಳು ಲಂಡನ್ನಿಗೆ ಸುಮಾರು 16 ಮೈಲಿ ದೂರದಲ್ಲಿರುವ ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದರು. ಮುಂದಿನ ನಲವತ್ತು ವರ್ಷವೂ ಅದೇ ಮನೆ. ಅವರಿಗೆ ಹತ್ತು ಮಕ್ಕಳಾದುವು; ಬದುಕಿ ದೊಡ್ಡವರಾದವರು ಏಳು ಮಂದಿ.

ಡಾರ್ವಿನ್ನನಿಗೆ ಬಹುಕಾಲ ಆರೋಗ್ಯವಿರಲಿಲ್ಲ. ಹೊಟ್ಟೆಯ ಬಾಧೆಯಿಂದ ದಿನಕ್ಕೆ ಕೆಲವೇ ಗಂಟೆಗಳು ಬರೆಯಲು ಶಕ್ತಿಯಿರುತ್ತಿತ್ತು. ಆದಕಾರಣ ಬೆಳಗಿನ ಆ ಹೊತ್ತು ಪವಿತ್ರವೆಂದು ಮನೆಯ ಮಕ್ಕಳೆಲ್ಲರಿಗೂ ತಿಳಿದಿತ್ತು. ತಿಳಿದಿದ್ದರೂ ದಾರಕ್ಕೋ ಕತ್ತರಿಗೋ ಅಳತೆಯ ಪಟ್ಟಿಗೋ ತಂದೆಯ ಕೋಣೆಗೆ ನುಗ್ಗುತ್ತಿದ್ದರು. ಎಷ್ಟೋ ಬಾರಿ ಹೀಗಾದ ಮೇಲೆ ಆತನು, ಇನ್ನೊಮ್ಮೆ ಬಾರದೆ ಇದ್ದರೆ ಆಗುವುದಿಲ್ಲವೆ ಎಂದು ಮೆಲ್ಲನೆ ಕೇಳುತ್ತಿದ್ದನಂತೆ. ನಾಲ್ಕು ವರ್ಷದ ಮಗನೊಬ್ಬನು ಆರು ಪೆನ್ನಿಯ ನಾಣ್ಯವೊಂದನ್ನು ತಂದು, ಇದನ್ನು ಕೊಡುತ್ತೇನೆ, ಕೆಲಸ ಬಿಟ್ಟು ಆಟಕ್ಕೆ ಬಾ ಎಂದು ತಂದೆಗೆ ಲಂಚವನ್ನು ಒಡ್ಡಿದ ಕಥೆಯೂ ಉಂಟು. ಕಾಯಿಲೆ ಬಿದ್ದ ಮಗುವನ್ನು ಆ ಕೋಣೆಯ ಸೋಫಾದ ಮೇಲೆಯೇ ಹೊದಿಸಿ ಮಲಗಿಸುತ್ತಿದ್ದರು; ತಂದೆಯು ಬರೆಯುತ್ತಿರುವುದನ್ನು ನೋಡುತ್ತ ಮಗುವು ನೆಮ್ಮದಿಯಿಂದ ಮಲಗಿರುತ್ತಿತ್ತು.

ಹಾಳೆಯ ವಿಷಯದಲ್ಲಿಯೂ ಆ ಮನೆಯಲ್ಲಿ ಭೇದವಿರಲಿಲ್ಲ. ಲೋಕಪ್ರಸಿದ್ಧವಾದ ಆ ಗ್ರಂಥದ ಹಸ್ತಪ್ರತಿಯಲ್ಲಿ ಇಂದು ಉಳಿದಿರುವುದು ಕೆಲವೇ ಹಾಳೆಗಳು. ಅವುಗಳಲ್ಲಿ ಕೆಲವದರ ಬೆನ್ನಿನ ಮೇಲೆ ಮಕ್ಕಳು ಬಣ್ಣ ಹಾಕಿ ಬರೆದ ಚಿತ್ರಗಳಿವೆ; ಒಂದರಲ್ಲಿ ಹಣ್ಣಿನ ಸೈನಿಕರಿಗೂ ತರಕಾರಿಯ ಸೈನಿಕರಿಗೂ ಯುದ್ಧ! ಗೀಚಿದರೆಂಬ ಕಾರಣಕ್ಕೆ ಆ ಹಾಳೆಗಳನ್ನು ಬಿಸಾಡದಿದ್ದುದರಿಂದಲೇ ತಂದೆಯ ಬರಹವೂ ಉಳಿಯಿತೆಂದು ಹೇಳಬಹುದು.

ಆತನ ಮಗನಾದ ಫ್ರಾನ್ಸಿಸನು ಮುಂದೆ ತಂದೆಯ ಚರಿತ್ರೆಯನ್ನು ಬರೆಯುವಾಗ, ತಂದೆಯು ತನ್ನ ಆಯುಷ್ಯದಲ್ಲಿ ಯಾವ ಮಗುವಿನೊಡನೆಯೂ ಕೋಪದ ಮಾತಾಡಿದ್ದನ್ನು ಕಾಣೆನೆಂದೂ, ಆದರೂ ಆತನ ಮಾತನ್ನು ಮೀರಬೇಕೆಂಬ ಯೋಚನೆಯೇ ತಮಗೆ ಹುಟ್ಟುತ್ತಿರಲಿಲ್ಲವೆಂದೂ ಹೇಳಿರುವನು. ಬೆತ್ತವನ್ನು ಹಿಡಿದು ತರಗತಿಗೆ ಹೋಗುತ್ತಿದ್ದ ನಾವು ಈ ಮಾತನ್ನು ಓದಿದಾಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆವು.

ಈ ತಂದೆಯ ವಿಶೇಷವೇನೆಂದರೆ, ತಾನು ಪ್ರೀತಿಸಿದ್ದನ್ನು ಗಮನಿಸಿ ನೋಡುವುದು, ನೋಡಿದ್ದನ್ನು ಬರೆದಿಡುವುದು. ಚೊಚ್ಚಲ ಮಗನಾದ ವಿಲಿಯಮನು 1839ರ ಡಿಸೆಂಬರಿನಲ್ಲಿ ಹುಟ್ಟಿದ ದಿನ ಮೊದಲುಗೊಂಡು, ಆ ಮಗುವು ಯಾವಾಗ ಸೀನಿತು, ಯಾವುದಕ್ಕೆ ಬೆಚ್ಚಿತು, ಯಾವಾಗ ನಕ್ಕಿತು ಎಂದು ಗುರುತು ಹಾಕುತ್ತ ಬಂದನು. ನಾಲ್ಕೂವರೆ ತಿಂಗಳಾದಾಗ ಮಗುವು ಕನ್ನಡಿಯೊಳಗಿನ ತಂದೆಯನ್ನು ನೋಡಿ ನಿಜವೆಂದೇ ಬಗೆದು ನಗುತ್ತಿತ್ತು. ಧ್ವನಿಯು ಹಿಂದಿನಿಂದ ಬಂದರೆ ಬೆರಗಾಗುತ್ತಿತ್ತು. ಇನ್ನೆರಡು ತಿಂಗಳು ತುಂಬುವುದರೊಳಗೆ, ತಂದೆಯು ಸದ್ದಿಲ್ಲದೆ ಮುಖ ಸೊಟ್ಟಗೆ ಮಾಡಿದರೆ ಸಾಕು, ಕನ್ನಡಿಯನ್ನು ಬಿಟ್ಟು ಥಟ್ಟನೆ ಹಿಂದಕ್ಕೆ ತಿರುಗಿ ನಿಜವಾದ ತಂದೆಯನ್ನು ನೋಡುವಷ್ಟು ತಿಳಿವಳಿಕೆ ಬಂದಿತ್ತು. ಈ ಬರಹವು 37 ವರ್ಷಗಳ ಮೇಲೆ, 1877ರಲ್ಲಿ, ಒಂದು ಶಾಸ್ತ್ರಪತ್ರಿಕೆಯಲ್ಲಿ ಪ್ರಕಟವಾಯಿತು. ಪಂಡಿತರಿಗೆ ಅದು ಶಿಶುಮನಸ್ಸಿನ ಶಾಸ್ತ್ರ. ನಮಗಾದರೋ, ತೊಟ್ಟಿಲ ಬಳಿ ಮುಖ ಸೊಟ್ಟಗೆ ಮಾಡುತ್ತ ನಿಂತ ತರುಣ ತಂದೆಯೊಬ್ಬನು ಅದರಲ್ಲಿ ಕಾಣುತ್ತಾನೆ.

ಅದೇ ಲೇಖನಿಯು ಮುಂದೆ ದುಃಖವನ್ನೂ ಬರೆಯಬೇಕಾಯಿತು. ಎರಡನೆಯ ಮಗುವಾದ ಆನಿಯು ತಂದೆಯ ಕಣ್ಮಣಿ. ಆಕೆಗೆ ಕಾಯಿಲೆಯಾಗಲು, 1851ರಲ್ಲಿ ಮಾಲ್ವರ್ನ್ ಎಂಬ ಊರಿಗೆ ಜಲಚಿಕಿತ್ಸೆಗಾಗಿ ಕಳುಹಿಸಿದರು. ತಾಯಿಯು ತುಂಬು ಗರ್ಭಿಣಿಯಾಗಿದ್ದುದರಿಂದ ಹೋಗುವಂತಿರಲಿಲ್ಲ. ತಂದೆಯೇ ಹಾಸಿಗೆಯ ಬಳಿ ಕುಳಿತು, ಮಗುವಿನ ಸ್ಥಿತಿಯನ್ನು ದಿನವೂ ಹೆಂಡತಿಗೆ ಬರೆಯುತ್ತಿದ್ದನು. ಏಪ್ರಿಲ್ 23ರಂದು ಆನಿಯು ಹತ್ತು ವರ್ಷದವಳಾಗಿ ತೀರಿಕೊಂಡಳು. ಮಗಳನ್ನು ಮಣ್ಣುಮಾಡುವ ದಿನಕ್ಕೂ ನಿಲ್ಲದೆ ಡಾರ್ವಿನ್ನನು ಡೌನಿಗೆ ಹಿಂತಿರುಗಿದನು. ಇದೇನು ಕಠಿಣ ಹೃದಯವೆಂದು ಯಾರೂ ಎಣಿಸಬಾರದು. ಮನೆಯಲ್ಲಿ ಎಮ್ಮಳು ಒಬ್ಬಳೇ ಅಳುತ್ತಿದ್ದಳು, ಆಕೆಯ ಹೊಟ್ಟೆಯಲ್ಲಿ ಇನ್ನೊಂದು ಮಗುವಿತ್ತು.

ಒಂದು ವಾರವಾದ ಮೇಲೆ, ಏಪ್ರಿಲ್ 30ರಂದು, ಆತನು ಮಗಳ ವಿಷಯವಾಗಿ ಕೆಲವು ಹಾಳೆಗಳನ್ನು ಬರೆದನು. ತಾವು ಬದುಕಿದ್ದರೆ, ವರ್ಷಗಳು ಕಳೆದ ಮೇಲೆ ಆಕೆಯ ಚಹರೆಯು ಮಸುಕಾಗದೆ ಎದುರಿಗೆ ನಿಲ್ಲಲೆಂಬುದೇ ಅದರ ಉದ್ದೇಶ. ತೋಟದ ಮರಳುಹಾದಿಯಲ್ಲಿ ತಂದೆಯು ಬೇಗ ಬೇಗ ನಡೆಯುವಾಗ ಆಕೆಯು ಮುಂದೆ ಮುಂದೆ ಗಿರ್ರನೆ ತಿರುಗುತ್ತ ಹೋಗುತ್ತಿದ್ದುದು. ತಂದೆಗಾಗಿ ಒಂದು ಚಿಟಿಕೆ ನಶ್ಯವನ್ನು ಕದ್ದು ತರುತ್ತ, ಕೊಡುವ ಸಂತೋಷದಿಂದ ಮುಖವರಳಿಸಿಕೊಂಡು ಮೆಟ್ಟಿಲಿಳಿದು ಓಡಿಬರುತ್ತಿದ್ದುದು. ಇಂತಹವೇ ಅದರಲ್ಲಿರುವ ಸಂಗತಿಗಳು. ಎಮ್ಮಳು ಮಗಳ ಬರೆಯುವ ಪೆಟ್ಟಿಗೆಯನ್ನು ಕಡೆಯವರೆಗೂ ಜೋಪಾನಮಾಡಿದಳು. ಆ ಪೆಟ್ಟಿಗೆಯು ವಂಶದಲ್ಲಿಯೇ ಉಳಿದು, ಡಾರ್ವಿನ್ನನ ಮರಿಮಗನ ಮಗನಾದ ರ್‍ಯಾಂಡಲ್ ಕೇನ್ಸನು 2001ರಲ್ಲಿ ಅದನ್ನು ಆಧಾರವಾಗಿಟ್ಟುಕೊಂಡು ಒಂದು ಪುಸ್ತಕವನ್ನೇ ಬರೆದನು.

ಇನ್ನೊಂದು ಪ್ರಸಂಗವು ಇದಕ್ಕಿಂತಲೂ ಕ್ರೂರವಾದುದು. 1858ರ ಜೂನ್ ತಿಂಗಳಲ್ಲಿ ವಾಲೇಸ್ ಎಂಬ ಪಂಡಿತನು ದೂರದ ದ್ವೀಪಗಳಿಂದ ಕಳುಹಿಸಿದ ಲೇಖನವು ಡಾರ್ವಿನ್ನನ ಕೈ ಸೇರಿತು. ತಾನು ಇಪ್ಪತ್ತು ವರ್ಷ ಮನಸ್ಸಿನಲ್ಲಿಟ್ಟು ಬೆಳೆಸಿದ ತತ್ತ್ವವೇ ಅದರಲ್ಲಿತ್ತು. ಗೆಳೆಯರು ಕೂಡಿ, ಇಬ್ಬರ ಬರಹಗಳನ್ನೂ ಜುಲೈ 1ರಂದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಓದಿಸುವ ಏರ್ಪಾಡು ಮಾಡಿದರು. ಜೀವಮಾನದ ಕೆಲಸವು ಲೋಕದ ಮುಂದೆ ಬಂದ ಆ ದಿನ ಡಾರ್ವಿನ್ನನು ಸಭೆಯಲ್ಲಿರಲಿಲ್ಲ. ಮೂರು ದಿನದ ಹಿಂದೆ, ಇನ್ನೂ ಎರಡು ವರ್ಷ ತುಂಬದ ಕಡೆಯ ಮಗುವು ಕೆಂಪುಜ್ವರದಿಂದ ತೀರಿಕೊಂಡಿತ್ತು. ಸಭೆಯು ನಡೆದ ದಿನವೇ ಡೌನಿನಲ್ಲಿ ಮಗುವಿನ ಸಂಸ್ಕಾರವು ನಡೆಯಿತು.

ಮಕ್ಕಳು ಹೋದುದಕ್ಕೆ, ಉಳಿದವರು ಆಗಾಗ ಕಾಯಿಲೆ ಬೀಳುವುದಕ್ಕೆ, ತಾವಿಬ್ಬರೂ ರಕ್ತಸಂಬಂಧಿಗಳಾಗಿದ್ದುದೇ ಕಾರಣವೇನೋ ಎಂಬ ಶಂಕೆಯು ಆತನನ್ನು ಕಾಡುತ್ತಿತ್ತು. ಸೋದರಸಂಬಂಧದ ಮದುವೆಗಳ ಲೆಕ್ಕವನ್ನು 1871ರ ಜನಗಣತಿಯಲ್ಲಿ ತೆಗೆದುಕೊಳ್ಳಬೇಕೆಂದು ಸ್ನೇಹಿತನ ಮೂಲಕ ಪಾರ್ಲಿಮೆಂಟಿಗೆ ಸೂಚಿಸಿದನು, ಅದು ಅಂಗೀಕೃತವಾಗಲಿಲ್ಲ. ಅನಂತರ ಮಗನಾದ ಜಾರ್ಜನೇ ಅಂಕಿಗಳನ್ನು ಕೂಡಿಹಾಕಿ 1875ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಭಯಪಡುವಷ್ಟು ದೊಡ್ಡ ಹಾನಿಯು ಅವನಿಗೆ ಕಾಣಲಿಲ್ಲ. ಇಂದಿನ ವೈದ್ಯರು ಇನ್ನೂ ಸ್ಪಷ್ಟವಾಗಿ ಹೇಳುತ್ತಾರೆ: ಒಬ್ಬನೇ ತಾತನಲ್ಲಿ ಅಡಗಿದ್ದ ದೋಷವು ಸೊಸೆಯ ಕಡೆಯಿಂದಲೂ ಅಳಿಯನ ಕಡೆಯಿಂದಲೂ ಬಂದು ಕೂಡಿದರೆ ಮಗುವಿನಲ್ಲಿ ಪ್ರಕಟವಾಗುವುದು, ಆದುದರಿಂದ ಸೋದರಸಂಬಂಧದ ಮಕ್ಕಳಲ್ಲಿ ಹುಟ್ಟುದೋಷಗಳ ಸಂಭವವು ಇತರರಿಗಿಂತ ಸುಮಾರು ಇಮ್ಮಡಿ, ಆದರೂ ಹೆಚ್ಚಿನ ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುವರು. ಸೋದರಿಕೆಯ ಸಂಬಂಧಗಳನ್ನು ನೋಡುವ ನಮ್ಮ ಮನೆಗಳ ಹಿರಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ನಾವು ಹೇಳಬೇಕೆಂದಿದ್ದ ಮುಖ್ಯವಿಷಯ. 1876ರ ಮೇ ತಿಂಗಳಲ್ಲಿ ಡಾರ್ವಿನ್ನನು ತನ್ನ ಜೀವನವೃತ್ತಾಂತವನ್ನು ಬರೆಯಲು ತೊಡಗಿದನು. ಜರ್ಮನಿಯ ಸಂಪಾದಕನೊಬ್ಬನು ಕೇಳಿದುದು ನೆಪ. ತನ್ನ ಮಕ್ಕಳಿಗೂ ಅವರ ಮಕ್ಕಳಿಗೂ ಇದರಿಂದ ಸಂತೋಷವಾದೀತೆಂಬುದು ಆತನ ಎಣಿಕೆ. ಇಂತಹ ಯೋಚನೆಯು ಆತನಿಗೆ ಏಕೆ ಬಂದಿತು? ಆತನ ತಾತನಾದ ಇರಾಸ್ಮಸ್ ಡಾರ್ವಿನ್ನನು ವೈದ್ಯನೂ ಕವಿಯೂ ಆಗಿ ಖ್ಯಾತಿಗೊಂಡವನು. ಮೊಮ್ಮಗನು ಹುಟ್ಟುವುದಕ್ಕೆ ಏಳು ವರ್ಷ ಮುಂಚೆ, 1802ರಲ್ಲಿ, ತೀರಿಕೊಂಡನು. ಆ ತಾತನು ತನ್ನ ಮನಸ್ಸು ಬೆಳೆದ ಬಗೆಯನ್ನು ತಾನೇ ನಾಲ್ಕು ಮಾತುಗಳಲ್ಲಿ ಎಷ್ಟೇ ನೀರಸವಾಗಿ ಬರೆದಿಟ್ಟಿದ್ದರೂ ತಾನು ಅತ್ಯಾಸೆಯಿಂದ ಓದುತ್ತಿದ್ದೆನೆಂದು ಡಾರ್ವಿನ್ನನು ಹೇಳಿಕೊಂಡನು. ತಾತನ ಪುಸ್ತಕಗಳು ಕಪಾಟಿನಲ್ಲಿದ್ದುವು, ತಾತನಿರಲಿಲ್ಲ. ಎಳ್ಳುಂಡೆಯನ್ನು ಹಿಡಿದು ನಮ್ಮ ಹುಡುಗನು ಕೇಳಿದ ಪ್ರಶ್ನೆಯನ್ನೇ ಆ ವೃದ್ಧಪಂಡಿತನೂ ಮನಸ್ಸಿನಲ್ಲಿ ಕೇಳಿಕೊಂಡಿದ್ದನು. ದಿನವೂ ಮಧ್ಯಾಹ್ನ ಸುಮಾರು ಒಂದು ಗಂಟೆಯಂತೆ ಬರೆದು, ಆಗಸ್ಟ್ 3ಕ್ಕೆ ಮುಗಿಸಿದನು. ಮುಂದೆ 1879ರಲ್ಲಿ ತಾತನ ಚರಿತ್ರೆಯನ್ನೂ ಕೆಲಮಟ್ಟಿಗೆ ಕೂಡಿಸಿ ಅಚ್ಚುಮಾಡಿಸಿದನು.

ಮೊಮ್ಮಕ್ಕಳಿಗಾಗಿ ಬರೆದನೆಂದೆವು, ಬರೆದಾಗ ಆತನಿಗೆ ಒಂದು ಮೊಮ್ಮಗುವೂ ಇರಲಿಲ್ಲ! ಅದೇ ವರ್ಷ ಸೆಪ್ಟೆಂಬರ್ 7ರಂದು ಫ್ರಾನ್ಸಿಸನಿಗೆ ಬರ್ನಾರ್ಡ್ ಎಂಬ ಮಗನು ಹುಟ್ಟಿದನು. ನಾಲ್ಕನೆಯ ದಿನವೇ ಬಾಣಂತಿಯು ತೀರಿಕೊಂಡಳು. ದಿಕ್ಕು ತೋರದ ಫ್ರಾನ್ಸಿಸನು ಹಸುಗೂಸನ್ನೆತ್ತಿಕೊಂಡು ತಂದೆತಾಯಿಗಳ ಮನೆಗೆ ಬಂದನು. ಡಾರ್ವಿನ್ನನಿಗೆ ಆಗ 67 ವರ್ಷ, ಎಮ್ಮಳಿಗೆ 68. ಮಕ್ಕಳೆಲ್ಲ ದೊಡ್ಡವರಾಗಿ ಸದ್ದಡಗಿದ್ದ ಮನೆಯಲ್ಲಿ ಮತ್ತೆ ತೊಟ್ಟಿಲು ಕಟ್ಟಿದರು. ರಾತ್ರಿ ಊಟದ ಮೇಲೆ ಪಗಡೆಯನ್ನು ಹೋಲುವ ಬ್ಯಾಕ್‌ಗ್ಯಾಮನ್ ಆಟವನ್ನು ಎರಡೆರಡು ಬಾರಿ ಆಡುವುದು ಆ ದಂಪತಿಗಳ ಪದ್ಧತಿ. ಎಮ್ಮಳು 2,490 ಆಟವನ್ನೂ ತಾನು 2,795 ಆಟವನ್ನೂ ಗೆದ್ದಿರುವುದಾಗಿ ಆತನು ಆ ವರ್ಷವೇ ಗೆಳೆಯನಿಗೆ ಲೆಕ್ಕವನ್ನು ಬರೆದಿದ್ದನು. ಅಂತಹ ಶಾಂತವಾದ ಮುಪ್ಪಿನೊಳಕ್ಕೆ ಆ ತಬ್ಬಲಿ ಮಗುವು ಬಂದಿತು.

ಫ್ರಾನ್ಸಿಸನು ತಂದೆಯ ಕೆಲಸಕ್ಕೆ ಕೈಗೂಡಿದನು. 1880ರಲ್ಲಿ ಪ್ರಕಟವಾದ, ಗಿಡಗಳ ಚಲನೆಯನ್ನು ಕುರಿತ ಗ್ರಂಥವು ಇಬ್ಬರೂ ಕೂಡಿ ಮಾಡಿದ ಪ್ರಯೋಗಗಳ ಫಲ. ಬಳಿಕ ಎರೆಹುಳುಗಳ ಸರದಿ. ಕುಂಡದ ಮಣ್ಣಿನಲ್ಲಿದ್ದ ಹುಳುಗಳಿಗೆ ಕಿವಿಯುಂಟೋ ಇಲ್ಲವೋ ಎಂದು ನೋಡಲು ಮನೆಯಲ್ಲಿ ಸೀಟಿಯನ್ನು ಊದಿದರು, ಬಸೂನ್ ಎಂಬ ದೊಡ್ಡ ವಾದ್ಯವನ್ನು ಊದಿದರು, ಪಿಯಾನೋ ಬಾರಿಸಿದರು. ಹುಳುಗಳಿಗೆ ಕೇಳಿಸಲಿಲ್ಲ, ಆದರೆ ಕುಂಡವನ್ನು ಪಿಯಾನೋ ಮೇಲಿಟ್ಟಾಗ ಅದರ ಅದಿರು ತಾಕಿ ಬಿಲ ಸೇರಿದುವು. ಸೀಟಿಯನ್ನು ಊದಿದವನು ಬರ್ನಾರ್ಡನೆಂದೂ, ಬಸೂನ್ ಊದಿದವನು ಆತನ ತಂದೆಯೆಂದೂ, ಪಿಯಾನೋ ಬಾರಿಸಿದವಳು ಅಜ್ಜಿಯೆಂದೂ ಹೇಳುವುದುಂಟು. 1881ರಲ್ಲಿ ಪ್ರಕಟವಾದ ಆ ಗ್ರಂಥವೇ ಡಾರ್ವಿನ್ನನ ಕಡೆಯ ಗ್ರಂಥ.

1882ನೆಯ ಇಸವಿ ಏಪ್ರಿಲ್ 19ರಂದು ಡಾರ್ವಿನ್ನನು ಡೌನಿನಲ್ಲಿ ಕಾಲವಾದನು. ಬರ್ನಾರ್ಡನು ಆಗ ಆರನೆಯ ವರ್ಷದ ಬಾಲಕ. ಮುಂದೆ ಗಾಲ್ಫ್ ಆಟವನ್ನು ಕುರಿತ ಲೇಖಕನಾಗಿ ಪ್ರಸಿದ್ಧನಾದನು. ತಾತನು ಬರೆದಿಟ್ಟ ವೃತ್ತಾಂತವನ್ನು ಫ್ರಾನ್ಸಿಸನು 1887ರಲ್ಲಿ ತನ್ನ ನೆನಪುಗಳೊಡನೆ ಸೇರಿಸಿ ಅಚ್ಚುಮಾಡಿಸಿದನು. ಆದರೆ ಮತವಿಷಯವಾಗಿಯೂ ಕೆಲವು ವ್ಯಕ್ತಿಗಳ ವಿಷಯವಾಗಿಯೂ ಇದ್ದ ಮಾತುಗಳನ್ನು ಮನೆಯವರ ಮನಸ್ಸು ನೋಯದಂತೆ ಬಿಟ್ಟುಬಿಟ್ಟನು. ಬಿಟ್ಟುದನ್ನೆಲ್ಲ ಸೇರಿಸಿ 1958ರಲ್ಲಿ ಪೂರ್ಣಪಾಠವನ್ನು ಹೊರತಂದವಳು ನೋರಾ ಬಾರ್ಲೋ. ಡಾರ್ವಿನ್ನನ ಕಿರಿಯ ಮಗನಾದ ಹೋರೇಸನ ಮಗಳು. ಆಕೆಯು ಹುಟ್ಟಿದುದು 1885ರಲ್ಲಿ, ತಾತನು ತೀರಿಕೊಂಡ ಮೂರು ವರ್ಷಕ್ಕೆ. ತನ್ನ ತಾತನನ್ನು ಕಾಣದವನು ಬರೆದಿಟ್ಟುದನ್ನು, ಅವನನ್ನು ಕಾಣದ ಮೊಮ್ಮಗಳು ತಿದ್ದಿ ಲೋಕಕ್ಕೆ ಕೊಟ್ಟಳು. ಆಕೆಗೆ ತಾತನು ಬರಿಯ ಹೆಸರಾಗಿರಲಿಲ್ಲ.

ನಾವು ಡಾರ್ವಿನ್ನರಲ್ಲ, ನಮ್ಮ ವೃತ್ತಾಂತವನ್ನು ಲೋಕವು ಕೇಳುವುದಿಲ್ಲ. ಕೇಳುವವನು ಎಳ್ಳುಂಡೆಯ ಹುಡುಗನೊಬ್ಬನೇ. ಅವನಿಗೆ ಸಾಲುವಷ್ಟಾದರೂ ಇರಲೆಂದು ಮಾರನೆಯ ದಿನ ನೂರು ಹಾಳೆಯ ನೋಟುಪುಸ್ತಕವೊಂದನ್ನು ತರಿಸಿದೆವು. ತಾತಂದಿರ ಪುಟದಲ್ಲಿ ಹೆಸರು ಮಾತ್ರವೇ ಇದೆ. ಆ ನಷ್ಟವು ಇನ್ನು ತುಂಬುವಂತಹುದಲ್ಲ. ತೀರ್ಥರೂಪರ ಪುಟದಲ್ಲಿ ಮೊದಲು ಬರೆದುದು ಇದು: ನಾವು ಲೋವರ್ ಸೆಕೆಂಡರಿ ಪರೀಕ್ಷೆಗೆ ಕುಳಿತ ದಿನ, ಕಿಟಕಿಯಿಂದ ನೋಡಿದರೆ, ಶಾಲೆಯ ಬೇಲಿಯಾಚೆ ಹುಣಿಸೆಯ ಮರದಡಿ ಅವರು ಕೊಡೆ ಹಿಡಿದು ನಿಂತಿದ್ದರು. ಗಂಟೆ ಹೊಡೆದು ನಾವು ಹೊರಗೆ ಬರುವಷ್ಟರಲ್ಲಿ ಹೊರಟುಹೋಗಿದ್ದರು. ಮನೆಯಲ್ಲಿ ಅವರೂ ಆ ಮಾತನ್ನು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಇದನ್ನು ಹುಡುಗನಿಗೆ ಓದಿ ಹೇಳಿದೆವು. "ಅವರು ಒಳಗೆ ಯಾಕೆ ಬರಲಿಲ್ಲ ತಾತಾ?" ಎಂದು ಕೇಳಿದನು. ನಮಗೆ ತೋರಿದ ಉತ್ತರವನ್ನು ಹೇಳಿದೆವು. ಅದನ್ನೂ ಪುಸ್ತಕದಲ್ಲಿ ಬರೆಯೆಂದನು. ಬರೆದೆವು.

ವಾಚಕ ಮಹಾಶಯರಲ್ಲಿ ತಂದೆತಾಯಿಗಳು ಇನ್ನೂ ಇರುವ ಪುಣ್ಯವಂತರು ಅನೇಕರಿರಬಹುದು. ಈ ಸಂಜೆ ಅವರ ಬಳಿ ಕುಳಿತು, ನಿಮ್ಮ ಅಪ್ಪ ಹೇಗಿದ್ದರೆಂದು ಕೇಳಿರಿ. ಅವರು ಹೇಳಿದುದನ್ನು ಅವರ ಮಾತಿನಲ್ಲಿಯೇ ಬರೆದಿಡಿರಿ. ಕೇಳಬೇಕಾದವರನ್ನು ಕಳೆದುಕೊಂಡವರು ನಮ್ಮ ಹಾಗೆ, ತಾವು ಕಂಡುದನ್ನಾದರೂ ಬರೆಯಲಿ.